ಎರಡು ಅಂಕ ಕಡಿಮೆ

"ಮೂವತ್ತೊಂದಾ?!"

ಸಗೀರಾ ಉತ್ತರಪತ್ರಿಕೆಯನ್ನು ಮೇಜಿಗೆ ಅಪ್ಪಳಿಸಿದ ರಭಸಕ್ಕೆ ಶಾಯಿ ದೌತಿ ಉರುಳಿ, ರಜಾಕ ಮಾಸ್ತರನ ಬಿಳಿ ಅಂಗಿಯ ತೋಳು ಕೆಂಪಾಯಿತು.

"ಅರ್ಧಕ್ಕಿಂತ ಹೆಚ್ಚು ಉತ್ತರ ಸರಿ ಅದಾವು. ನೂರಕ್ಕ ಮೂವತ್ತೊಂದು ಹೆಂಗಾತ್ರಿ?"

"ತಪ್ಪು ಉತ್ತರಕ್ಕ ಅಂಕಾ ಕಳದೇನಿ. ಕಾಲೇಜಿನವರೂ ಕಳೀತಾರ. ಗೊತ್ತಿಲ್ಲದ್ದಕ್ಕೆಲ್ಲಾ ಅಂದಾಜಿನ ಮ್ಯಾಲ ಗುರುತು ಹಾಕೀರಿ. ಹೋದ ವರ್ಷ ಸೋತದ್ದೂ ಅದಕ್ಕ."

ಸೋತದ್ದು... ಆ ಮಾತಿಗೆ ಅವಳ ಮೈಯೆಲ್ಲ ಉರಿಯಿತು.

ಅದು ಎಪ್ಪತ್ತಾರನೆಯ ಇಸವಿ. ಸಿಂದಗಿಯ ಅರಿವೆ ವ್ಯಾಪಾರಿ ಕಾಸಿಂಸಾಬರ ಮಗಳು ಸಗೀರಾಳಿಗೆ ಡಾಕ್ಟರಾಗುವ ಹಟ. ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆಯನ್ನು ಎರಡನೇ ಸಲ ಬರೆಯಲು ಅಪ್ಪ ಒಪ್ಪಿದ್ದರು. ಆದರೆ ಒಂದು ಶರತ್ತು! ಕೊನೆಯ ಮಾದರಿ ಪರೀಕ್ಷೆಯಲ್ಲಿ ಅರವತ್ತು ಬಂದರೆ ಕಾಲೇಜು, ಇಲ್ಲವಾದರೆ ನಿಕಾ.

ಪ್ರತಿ ಭಾನುವಾರ ಶಾಲೆಯ ಪಡಸಾಲೆಯಲ್ಲಿ ರಜಾಕ ಹೊಸ ಪ್ರಶ್ನೆಪತ್ರಿಕೆ ಕೊಡುತ್ತಿದ್ದ. ಸಗೀರಾಳ ಜೊತೆ ಕಾವಲಿಗೆ ಬಂದ ಅಜ್ಜಿ ಖಾತುನಬಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ಮೂವತ್ತೊಂದು ನಲವತ್ತಾಯಿತು, ನಲವತ್ತು ಐವತ್ತಾಯಿತು. ಅವನು ಒಮ್ಮೆಯೂ ಹೊಗಳಲಿಲ್ಲ.

'ಒಂದು ಸಲ ಶಾಬಾಸ್ ಅಂದ್ರ ಈ ಮನಶ್ಯಾನ ಗಂಟೇನು ಹೋಗತೈತಿ?' ಎಂದು ಹಲ್ಲು ಕಡಿಯುತ್ತಿದ್ದಳು. ಆದರೂ ಶನಿವಾರ ಬಂದರೆ ಸಾಕು, ಎದೆ ಯಾಕೋ ಡವಡವ ಎನ್ನುತ್ತಿತ್ತು...

ಕೊನೆಯ ಪತ್ರಿಕೆ. ಐವತ್ತೆಂಟು!

ಅವತ್ತೇ ಸಂಜೆ ಮುದ್ದೇಬಿಹಾಳದಿಂದ ಬಿಬಿಜಾನ ಎಂಬ ಹೆಂಗಸು ಹೆಣ್ಣು ಕೇಳಲು ಬಂದಳು. ವರನ ಹೆಸರು ಕೇಳಿ ಸಗೀರಾಳ ಕಿವಿಯಲ್ಲಿ ಸಿಡಿಲು ಹೊಡೆದಂತಾಯಿತು.

ಅಬ್ದುಲರಜಾಕ. ಮಾಸ್ತರ.

'ಎರಡು ಅಂಕ ಕಡಿಮಿ ಹಾಕಿದ್ದು ಇದಕ್ಕಾ?!'

ಅಪ್ಪ ಕರೆಸಿದ್ದಕ್ಕೆ ರಜಾಕ ಉತ್ತರಪತ್ರಿಕೆ ಹಿಡಿದು ಬಂದು ಹೊಸ್ತಿಲ ಮೇಲೆ ನಿಂತ. ಒಳಗೆ ಕುಳಿತ ತಾಯಿ ಬಿಬಿಜಾನಳನ್ನು ಕಂಡು ಗಾಬರಿಯಾದ.

"ಅಮ್ಮಾ, ನೀ ಇಲ್ಲಿ?"

"ನಿನ್ನ ಕಾಗದದ ತುಂಬ ಈಕಿದ ಸುದ್ದಿ ಇತ್ತಲ್ಲೋ ಮಗನ. ಅದಕ್ಕ ಬಂದೆ."

"ನಾಟಕ ಸಾಕು!" ಸಗೀರಾ ಚೀರಿದಳು. "ನನ್ನ ಡಾಕ್ಟರಕಿ ಮುರದು ನಿಮ್ಮ ಮನ್ಯಾಗ ರೊಟ್ಟಿ ಬಡಸೂ ವಿಚಾರ ಏನ್ರಿ? ಕೊಡ್ರಿಲ್ಲಿ ಆ ಪೇಪರ!"

ಅವನು ಪತ್ರಿಕೆ ಕೊಟ್ಟು ಕಾಸಿಂಸಾಬರ ಕಡೆ ತಿರುಗಿದ. "ಕಾಕಾ, ಈ ನಿಕಾ ನಾ ಒಲ್ಲೆ. ಈಕಿನ್ನ ಪರೀಕ್ಷಾಕ್ಕ ಕಳಸ್ರಿ. ಐವತ್ತೆಂಟು ನನ್ನ ಲೆಕ್ಕ. ಪಾಸು, ನಾಪಾಸು ಅನ್ನಾವ್ರು ಕಾಲೇಜಿನವ್ರು."

ಸಗೀರಾ ಎಲ್ಲರೆದುರೇ ಒಂದೊಂದೇ ಉತ್ತರ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಐವತ್ತೆಂಟೇ ಅಬ್ಬಾ..." ಅಪ್ಪನ ಕಡೆ ತಿರುಗಿದಳು. "ಮಾಸ್ತರ್ರು ಮೋಸಾ ಮಾಡಿಲ್ಲ."

ಕಾಸಿಂಸಾಬರು ಎದ್ದು ಪತ್ರಿಕೆಯನ್ನು ಮಡಿಚಿ ಮಗಳ ಕೈಗಿಟ್ಟರು.

"ಅರವತ್ತು ಅಂತ ಸುಳ್ಳು ಹೇಳಿದ್ರೂ ನನಗ ತಿಳೀತಿದ್ದಿಲ್ಲ. ನೀ ಹೇಳಲಿಲ್ಲ. ನಡಿ, ಪರೀಕ್ಷಾ ಬರಿ."

ಬರೆದಳು. ಗೆದ್ದಳು!

ಕಾಲೇಜಿಗೆ ಹೊರಡುವ ದಿನ ಸಿಂದಗಿಯ ಬಸ್ ನಿಲ್ದಾಣದಲ್ಲಿ ರಜಾಕ ದೂರವೇ ನಿಂತಿದ್ದ. ಅಪ್ಪ ಟ್ರಂಕು ಮೇಲೇರಿಸಲು ಹೋದಾಗ ಸಗೀರಾ ಸರಸರ ಬಂದಳು.

"ಮಂದಿ ಮುಂದ ನನ್ನ ಒಲ್ಲೆ ಅಂದ್ರಿ. ಆ ಸಿಟ್ಟು ಇನ್ನೂ ಇಳದಿಲ್ರಿ ನನಗ."

"ನಿಕಾ ಒಲ್ಲೆ ಅಂದೆ. ನಿಮ್ಮನ್ನ ಒಲ್ಲೆ ಅನ್ನಲಿಲ್ಲ."

"ಮತ್ತ ಇಷ್ಟು ದಿನ ಬಾಯಿಗೇನಾಗಿತ್ತು?!"

"ಹೇಳಿದ್ರ ನೀವು ಹೋಗದ ಇಲ್ಲೇ ಉಳೀತೀರಿ ಅಂತ ಹೆದರಿದ್ದೆ..."

"ನಿಮ್ಮ ಸಲುವಾಗಿ ನಾ ಓದು ಬಿಡಾಕಿ? ಇಷ್ಟ ಏನ್ರಿ ನೀವು ನನ್ನ ತಿಳಕೊಂಡದ್ದು!" ಬೈಯುತ್ತಲೇ ಅವಳ ಕಣ್ಣು ತುಂಬಿತು. "ಐದೂವರಿ ವರ್ಷ ಆಗತೈತಿ. ಕಾಯ್ತೀರೇನು?"

"ಕಾಯ್ತೇನಿ."

"ಹಂಗಾರ ವಾರಕ್ಕೊಂದು ಕಾಗದ ಬರೀರಿ. ನಿಮ್ಮ ಅವ್ವಗಲ್ಲ... ನನಗ!"