ಹೊನ್ನಾಯಿಯ ಕಣಿವೆ ಛತ್ರ

ಬಹುಕಾಲದ ಹಿಂದೆ, ಹಕ್ಕಿಗಳೂ ಮಾತಾಡುತ್ತಿದ್ದ ದಿನಗಳಲ್ಲಿ, ಮಣಿಕಂದರ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೂ ಕಡಲಿಗೂ ನಡುವೆ ಇದ್ದದ್ದು ಒಂದೇ ಕಣಿವೆದಾರಿ. ಅಲ್ಲಿ ಕರಾಳಕೇಶಿ ಎಂಬ ಮಾಂತ್ರಿಕ ಸೇರಿಕೊಂಡ. ದಣಿದವರ ನಿಟ್ಟುಸಿರೇ ಅವನ ಆಹಾರ. ಆ ದಾರಿಯಲ್ಲಿ ದಣಿವಾರಿಸಿಕೊಳ್ಳಲು ಕೂತವರೆಲ್ಲ ಕಲ್ಲಾದರು. ವರ್ತಕರು ಬರುವುದು ನಿಂತಿತು. ರಾಜನ ಅರಮನೆಯಲ್ಲೂ ಉಪ್ಪಿಲ್ಲದ ಅಡುಗೆಯಾಯಿತು.

ಎತ್ತುಗಳ ಮೇಲೆ ಉಪ್ಪು ಹೇರಿ ತರುತ್ತಿದ್ದ ಬೀರಯ್ಯನೂ ಒಂದು ದಿನ ಅಲ್ಲಿ ಅವುಗಳೊಡನೆ ಕಲ್ಲಾದ. ಸುದ್ದಿ ಕೇಳಿದ ಅವನ ಹೆಂಡತಿ ಹೊನ್ನಾಯಿ ಕಣ್ಣೊರೆಸಿಕೊಂಡು, ಒಂದು ಮಡಕೆ, ಒಂದು ಕಂಬಳಿ, ಒಂದು ಚೀಲ ಜೋಳದ ಹಿಟ್ಟು ಹೊತ್ತು ಹೊರಟಳು.

ಕಣಿವೆಯ ಬಾಯಲ್ಲಿ ಮುದಿ ಗಿಳಿಯೊಂದು ಕೇಳಿತು, "ಎಲ್ಲಿಗೆ ಮಗಳೇ?"

"ನನ್ನ ಯಜಮಾನರನ್ನು ಕರಕೊಂಡು ಬರೋಕೆ."

"ಹಾಗಾದರೆ ಕೇಳು. ಮೂವರು ಅತಿಥಿಗಳು ನಿನಗೆ 'ತಣಿದೆ ತಾಯಿ' ಅಂದರೆ ಮಾಯೆ ಮುರಿಯುತ್ತದೆ. ಅಲ್ಲಿಯವರೆಗೆ ನೀನು ಕೂರಬಾರದು. ಕೂತರೆ ನೀನೂ ಕಲ್ಲು."

ಹೊನ್ನಾಯಿ ಗಂಡನ ಕಲ್ಲಿನ ಪಕ್ಕದಲ್ಲೇ ಒಲೆ ಹೂಡಿ ನಿಂತಳು. ಮೊದಲ ದಿನ ಮಾಂತ್ರಿಕ ಬೆಂಕಿಮೈಯ ಹುಲಿಯನ್ನು ಕಳಿಸಿದ.

"ಮೈ ಉರಿಯುತ್ತಿದೆ, ನೆರಳು ಕೊಡು. ಇಲ್ಲವೇ ನಿನ್ನನ್ನು ತಿನ್ನುತ್ತೇನೆ!"

ಸುತ್ತ ಒಂದು ಮರವೂ ಇಲ್ಲ. ಹೊನ್ನಾಯಿ ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಸಂಜೆಯವರೆಗೆ ಹುಲಿಗೆ ನೆರಳಾದಳು. ಹುಲಿಯ ಬೆಂಕಿ ಆರಿತು. "ತಣಿದೆ ತಾಯಿ" ಎಂದು ಕಾಡು ಸೇರಿತು.

ಎರಡನೆಯ ದಿನ ಏಳು ಹೆಡೆಯ ಸರ್ಪ ಬಂತು.

"ಬಾಯಾರಿದೆ, ನೀರು ಕೊಡು. ಇಲ್ಲವೇ ಕಚ್ಚುತ್ತೇನೆ!"

ಹೊಳೆ ಇದ್ದದ್ದು ಕಣಿವೆಯ ತಳದಲ್ಲಿ. ಹೊನ್ನಾಯಿ ಏಳು ಸಲ ಇಳಿದು ಏಳು ಸಲ ಹತ್ತಿದಳು. ಹೆಡೆಗೊಂದು ಮಡಕೆ ನೀರು. ಅಂಗಾಲು ಒಡೆದು ರಕ್ತ ಬಂದರೂ ಕೂರಲಿಲ್ಲ. "ತಣಿದೆ ತಾಯಿ" ಎಂದು ಸರ್ಪ ಹರಿದುಹೋಯಿತು.

ಮೂರನೆಯ ದಿನ ಮಾಂತ್ರಿಕ ತಾನೇ ಮುದುಕ ವರ್ತಕನ ವೇಷದಲ್ಲಿ ಬಂದ. ಹೊನ್ನಾಯಿ ರೊಟ್ಟಿ ತಟ್ಟಿ ಬಡಿಸಿದಳು. ಅವನು ಎಲೆ ಮುಟ್ಟಲಿಲ್ಲ.

"ಒಬ್ಬನೇ ಉಂಡು ಉಂಡು ಸಾಕಾಗಿದೆ. ನೀನೂ ಕೂತರೆ ಉಣ್ಣುತ್ತೇನೆ. ಇಲ್ಲವಾದರೆ ಹಸಿದೇ ಹೋಗುತ್ತೇನೆ."

ಹೊನ್ನಾಯಿ ಗಂಡನ ಕಲ್ಲುಮುಖ ನೋಡಿದಳು, ಮುದುಕನ ಬತ್ತಿದ ಮುಖವನ್ನೂ ನೋಡಿದಳು.

"ಬಾಗಿಲಿಗೆ ಬಂದವರನ್ನು ಹಸಿದು ಕಳಿಸಲಾರೆ ಅಜ್ಜಾ," ಎಂದು ಕೂತುಬಿಟ್ಟಳು.

ಪಾದ ಕಲ್ಲಾಯಿತು. ಮಂಡಿ ಕಲ್ಲಾಯಿತು. ಸೊಂಟ ಕಲ್ಲಾಯಿತು. ಆದರೂ ಅವಳ ಕೈ ಬಡಿಸುತ್ತಲೇ ಇತ್ತು.

"ಇನ್ನೊಂದು ಹಾಕಲೇ ಅಜ್ಜಾ? ಹೊಟ್ಟೆ ತುಂಬಿತೇ?"

ಹುಟ್ಟಿದಂದಿನಿಂದ ಕರಾಳಕೇಶಿಯನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಷ್ಟು ನಿಟ್ಟುಸಿರು ಕುಡಿದರೂ ಅವನ ಹಸಿವು ಇಂಗಿರಲಿಲ್ಲ. ಬಿಸಿ ರೊಟ್ಟಿ ಗಂಟಲಿಳಿದಂತೆ ಅವನ ಕಣ್ಣು ತುಂಬಿತು. ತಾನು ಯಾರೆಂಬುದನ್ನೇ ಮರೆತು ಅಂದುಬಿಟ್ಟ,

"ತಣಿದೆ ತಾಯಿ."

ಕಣಿವೆ ಗುಡುಗಿತು. ಮಾಯೆ ಮುರಿಯಿತು. ಕರಾಳಕೇಶಿಯ ಮಂತ್ರಗಳೆಲ್ಲ ಹೊಗೆಯಾಗಿ ಹಾರಿ, ಬರೀ ಮುದುಕನೊಬ್ಬ ಉಳಿದ. ಅವನು ಹೊನ್ನಾಯಿಯ ಕಾಲಿಗೆರಗಿದ. ಕಲ್ಲುಗಳು ಮನುಷ್ಯರಾಗಿ ಎದ್ದವು. ಎತ್ತುಗಳು ಮೈ ಕೊಡವಿದವು.

ಬೀರಯ್ಯ ಕಣ್ಣುಜ್ಜಿಕೊಂಡ. "ಹೊನ್ನಾ, ನೀನ್ಯಾವಾಗ ಬಂದೆ?"

"ಆಮೇಲೆ ಹೇಳ್ತೀನಿ. ಮೊದಲು ಮುಖ ತೊಳಕೊಂಡು ಬನ್ನಿ, ರೊಟ್ಟಿ ಆರುತ್ತೆ," ಎಂದಳು ಅವಳು, ನಗುತ್ತಾ, ಅಳುತ್ತಾ.

ಎದ್ದ ವರ್ತಕರು ಹಾಗೇ ಊರಿಗೆ ಹೋಗಲಿಲ್ಲ. ಒಬ್ಬ ಕಂಬ ನಿಲ್ಲಿಸಿದ, ಒಬ್ಬ ಸೂರು ಹೊದಿಸಿದ, ಒಬ್ಬ ಬಾವಿ ತೋಡಿದ, ಒಬ್ಬ ಎತ್ತುಗಳಿಗೆ ಕೊಟ್ಟಿಗೆ ಕಟ್ಟಿದ. ಆ ನಾಡಿನ ಮೊದಲ ಛತ್ರ ಅದೇ. ರಾಜನೂ ಬಂದು ಅದರ ಜಗಲಿಯಲ್ಲಿ ಎಲ್ಲರೊಡನೆ ಕೂತು ಉಂಡ. ಒಂದೊಂದು ದಿನದ ನಡಿಗೆಗೆ ಒಂದೊಂದು ಛತ್ರ ಕಟ್ಟಿಸಿದ. ಮಣಿಕಂದರದವರು ಬಹುಕಾಲ ಸುಖವಾಗಿ ಬಾಳಿದರು. ಕಣಿವೆ ದಾಟುವ ಯಾವ ದಾರಿಹೋಕನೂ ಆ ಛತ್ರದ ಹೊಸ್ತಿಲಿಗೆ ಕೈಮುಗಿಯದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ.