ಮುಖ ಬಿಡಿಸದ ಹುಡುಗಿ

"ಕಾಲೆತ್ತಿ! ನೆಲ ಒರೆಸಬೇಕು."

ಬೆಂಚಿನ ಮೇಲಿದ್ದ ಚಿತ್ರಗಾರ ಎರಡೂ ಕಾಲು ಮೇಲೆತ್ತಿದ. ಪೆನ್ಸಿಲ್ ಮಾತ್ರ ನಿಲ್ಲಲಿಲ್ಲ. ಸುರಂಗದ ರೈಲಿಗೆ ಕಾಯುತ್ತಿದ್ದವರೆಲ್ಲ ಅವನ ಹಾಳೆಯಲ್ಲಿದ್ದರು... ತೂಕಡಿಸುವ ಅಜ್ಜ, ಚಪ್ಪಲಿ ಬಿಚ್ಚಿ ಹಿಮ್ಮಡಿ ಉಜ್ಜಿಕೊಳ್ಳುವ ನರ್ಸ್.

"ಚೆನ್ನಾಗಿದ್ರೆ ನಿಂತು ನೋಡಿ," ಎಂದು ನಕ್ಕ.

"ನಿಂತ್ರೆ ಮೇಸ್ತ್ರಿ ಬೈತಾರೆ."

ನೆಲ ಒರೆಸುವ ಹುಡುಗಿ ಸರಸರನೆ ಮುಂದೆ ಹೋದಳು. ಮನಸ್ಸು ಮಾತ್ರ ಆ ಬೆಂಚಿನಲ್ಲೇ ಉಳಿಯಿತು!

ಎರಡು ತಿಂಗಳು ಹೀಗೇ ಎರಡೆರಡು ಮಾತು, ಕದ್ದು ನೋಡಿದ ನೋಟ... ಒಂದು ದಿನ ಅವನೇ ಹೇಳಿದ.

"ಚಿತ್ರದಲ್ಲಿ ನೀವೂ ಇದ್ದೀರಿ. ಸೋಮವಾರ ಸ್ಟೇಷನ್ನಿನವರು ಇಲ್ಲೇ ಗೋಡೆಗೆ ಹಾಕ್ತಾರೆ."

ಸೋಮವಾರ ಅವಳು ಅಮ್ಮನನ್ನೇ ಕರೆತಂದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಹುಡುಕಿದಳು.

"ಎಲ್ಲೇ ನೀನು?"

ಮೂಲೆಯಲ್ಲಿ ಒರೆಸುವ ಕೋಲು ಹಿಡಿದ ಹುಡುಗಿ. ಕೊರಳಿನ ಮೇಲೆ ಬರೀ ಬಿಳಿ ಹಾಳೆ. ಉಳಿದ ಹದಿನೇಳು ಜನಕ್ಕೂ ಮುಖವಿತ್ತು. ಅಜ್ಜನ ಹುಬ್ಬಿನ ನರೂಲಿಯನ್ನೂ ಬಿಟ್ಟಿರಲಿಲ್ಲ!

ಜೊತೆ ಕೆಲಸದ ಅಕ್ಕ ಕಿಸಕ್ಕನೆ ನಕ್ಕಳು. "ನಿನ್ನ ಹತ್ರ ಬರೋಷ್ಟರಲ್ಲಿ ಪೆನ್ಸಿಲ್ ಮುಗೀತೇನೇ?"

ಅಮ್ಮ ನಗಲಿಲ್ಲ. "ನಡಿ ಮಗಾ, ಮನೆಗೆ ಹೋಗೋಣ."

'ಅವನ ಕಣ್ಣಿಗೆ ನಾನು ಒಂದು ಕೋಲು, ಅಷ್ಟೇ...'

ಮರುದಿನವೇ ಅವಳು ಮೇಸ್ತ್ರಿಯನ್ನು ಬೇಡಿಕೊಂಡು, ಮೇಲಿನ ಟಿಕೆಟ್ ಕೌಂಟರಿನ ಕಡೆಗೆ ಕೆಲಸ ಬದಲಿಸಿಕೊಂಡಳು.

ಒಂಬತ್ತನೆಯ ದಿನ ಅವನು ಹುಡುಕಿಕೊಂಡು ಬಂದ.

"ನೆನಪಿನಿಂದ ನಾನು ಮುಖ ಬಿಡಿಸಲ್ಲ. ಎದುರಿಗೆ ಇದ್ದವರದ್ದು ಮಾತ್ರ. ನೀವು ಒಂದು ದಿನವೂ ನಿಲ್ಲಲಿಲ್ಲ..."

"ನಿಲ್ಲೋಕೆ ನನಗ್ಯಾರೂ ಸಂಬಳ ಕೊಡಲ್ಲ! ನೀವು ಎದ್ದು ಬರಬಹುದಿತ್ತಲ್ಲ? ಎರಡು ತಿಂಗಳು ಕೂತೇ ಇದ್ರಿ. ನಿಮ್ಮ ಹಟ ಉಳೀತು. ಅಮ್ಮನ ಮುಂದೆ ನಾನು ತಲೆ ತಗ್ಗಿಸಿದೆ."

ಅವನು ಕೈಯಲ್ಲಿದ್ದ ಪೆನ್ಸಿಲನ್ನು ಜೇಬಿಗೆ ಸೇರಿಸಿದ.

"ಅಮ್ಮನ ಹತ್ರ ನಾನೇ ಬಂದು ಹೇಳ್ತೀನಿ."

"ಏನಂತ?"

"ತಪ್ಪು ನನ್ನದು ಅಂತ. ಆಮೇಲೆ... ನಿಮ್ಮ ಮಗಳು ಅಂದ್ರೆ ನನಗೆ ಪ್ರಾಣ ಅಂತ."

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಕಾಯೋರನ್ನೆಲ್ಲ ಬಿಡಿಸಿದ್ರಿ. ನೀವು ಯಾರಿಗಾದ್ರೂ ಕಾದಿದ್ದೀರಾ?"

"ಇಲ್ಲ..."

"ನನ್ನ ಕೆಲಸ ಐದಕ್ಕೆ ಮುಗಿಯುತ್ತೆ."

ಆಗಿನ್ನೂ ಹನ್ನೊಂದೂಕಾಲು. ಅವನು ಅಲ್ಲೇ ಕಂಬಕ್ಕೆ ಒರಗಿ ಕಾಯುತ್ತಾ ನಿಂತ.

"ಅಲ್ಲಿ ಜನ ಅಡ್ಡ ಬರ್ತಾರೆ. ಈ ಕಡೆ ಬನ್ನಿ."

ಅವನು ಸರಿದು ನಿಂತ. "ಇಲ್ಲಿಂದ ನೀವು ಕಾಣ್ತೀರಾ?"

"ನಾನು ಕಾಣೋ ಹಾಗೆ ನಿಲ್ಲೋದು ಇನ್ಮೇಲೆ ನಿಮ್ಮ ಕೆಲಸ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.