ಸುಣ್ಣ ಬಳಿದ ಕುಂಡ

"ಮುಟ್ಬೇಡ ಕಣೋ! ಸುಣ್ಣ ಇನ್ನೂ ಒಣಗಿಲ್ಲ."

ಚಿಕ್ಕಮ್ಮನ ಮಗ ವಿಲ್ಬರ್ಟ್ ಬೆರಳನ್ನು ಹಿಂದಕ್ಕೆ ಎಳೆದುಕೊಂಡ. "ಕುಂಡಕ್ಕೂ ಸುಣ್ಣ ಹೊಡೀತಾರಾ? ನಿಂಗೆ ತಲೆ ಕೆಟ್ಟಿದೆ."

"ಮರಕ್ಕೆ ಹೊಡೆಯಲ್ವಾ? ಬಿಳಿ ಅಂಗಿ ತೊಟ್ಟರೆ ಸೆಕೆ ಆಗಲ್ಲ ಅಂತ ಅಪ್ಪಾನೇ ಹೇಳ್ತಿದ್ದ," ಅಂದಳು ಲಿಗಿಯಾ.

ಪ್ರತಿ ವರ್ಷ ಬೇಸಿಗೆಯಲ್ಲಿ ಅಪ್ಪ ಅಂಗಳದ ಹುಳಿಕಿತ್ತಳೆ ಮರದ ಬುಡಕ್ಕೆ ಸುಣ್ಣ ಬಳಿಯುತ್ತಿದ್ದ. ಲಿಗಿಯಾ ಡಬ್ಬ ಹಿಡಿದು ನಿಲ್ಲುತ್ತಿದ್ದಳು. ಮುಗಿಯುವ ಹೊತ್ತಿಗೆ ಅಪ್ಪನ ಮೀಸೆಯೂ ಬೆಳ್ಳಗಾಗಿರುತ್ತಿತ್ತು.

ಜನವರಿಯಲ್ಲಿ ಅಪ್ಪ ತೀರಿಕೊಂಡ. ಅವನು ಸಾಕಿದ್ದ ನೊಣ ಹಿಡಿಯುವ ಗಿಡ ಉಳಿಯಿತು. ಅದಕ್ಕೆ ಬಿಸಿಲು ಬೇಕೇ ಬೇಕು. ಆದರೆ ಅವರ ಊರು ಮೆರಿದಾದಲ್ಲಿ ಮೇ ತಿಂಗಳ ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ ಕುಂಡ ಕೈ ಸುಡುವಷ್ಟು ಕಾಯುತ್ತಿತ್ತು. ಬೇರು ಬೆಂದುಹೋದರೆ? ಅದಕ್ಕೇ ಲಿಗಿಯಾ ಕುಂಡದ ಅಂಚಿನ ಒಳಗೂ ಹೊರಗೂ ದಪ್ಪಗೆ ಸುಣ್ಣ ಬಳಿದಿದ್ದಳು.

ಸಂಜೆ ಮಳೆ ಬಂತು. ಕುಂಡದ ಕೆಳಗಿನ ತಟ್ಟೆಯಲ್ಲಿ ಹಾಲಿನಂಥ ನೀರು ನಿಂತಿತು. ಐದು ದಿನಗಳಲ್ಲಿ ಗಿಡದ ಪುಟ್ಟ ಬಾಯಿಗಳು ಒಂದೊಂದೇ ಕಪ್ಪಾದವು.

ಲಿಗಿಯಾ ಕುಂಡ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. "ಅಜ್ಜಿ, ಅಪ್ಪನ ಗಿಡ ಸಾಯ್ತಿದೆ!"

ಅಜ್ಜಿ ರೊಟ್ಟಿಗೆಂದು ಸುಣ್ಣದ ನೀರಿನಲ್ಲಿ ಮೆಕ್ಕೆಜೋಳ ಬೇಯಿಸುತ್ತಿದ್ದಳು. ಕುಂಡ ನೋಡಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಜೋಳಕ್ಕೆ ನಾನು ಸುಣ್ಣ ಯಾಕೆ ಹಾಕ್ತೀನಿ ಪುಟ್ಟಿ?"

"ಸಿಪ್ಪೆ ಬಿಡ್ಲಿ ಅಂತ."

"ಅಷ್ಟು ಗಟ್ಟಿ ಕಾಳೇ ಸಿಪ್ಪೆ ಬಿಡುತ್ತೆ. ಇದರ ಬೇರು ಎಷ್ಟು ಮೆತ್ತಗಿದೆ ನೋಡು."

ಲಿಗಿಯಾ ಕುಂಡದ ಅಂಚಿನ ಸುಣ್ಣವನ್ನು ಉಗುರಿನಿಂದ ಕೆರೆದಳು. "ಅಪ್ಪ ಮಾಡಿದ ಹಾಗೇ ಮಾಡಿದ್ನಲ್ಲ..."

"ಅವನು ಮಾಡಿದ್ದು ಮರಕ್ಕೆ ಕಣೇ."

"ಮಣ್ಣಿನ ಕುಂಡಕ್ಕೆ ಹಾಕೋಣ, ಅದು ತಣ್ಣಗಿರುತ್ತೆ," ಅಂದ ಅವಳ ಹಿಂದೆಯೇ ಬಂದಿದ್ದ ವಿಲ್ಬರ್ಟ್.

"ಮಣ್ಣಿನ ಕುಂಡದ ಉಪ್ಪು ಬೇರಿಗೆ ಇಳಿದರೆ ಇದಕ್ಕೆ ಆಗಲ್ಲ ಅಂತಿದ್ದ ಅಪ್ಪ," ಅಂದಳು ಲಿಗಿಯಾ. ಆಮೇಲೆ ತಡೆದು ಯೋಚಿಸಿದಳು. "ಅಜ್ಜಿ, ಎರಡು ಕುಂಡ ಹಾಕಿದ್ರೆ? ಒಂದರೊಳಗೆ ಒಂದು?"

ಬೇರನ್ನು ಮಳೆನೀರಿನಲ್ಲಿ ಮೂರು ಸಲ ತೊಳೆದರು. ಬಿಳಿ ಐಸ್‌ಕ್ರೀಮ್ ಡಬ್ಬದಲ್ಲಿ ಮಣ್ಣಿನ ಬದಲು ಹೊಸ ಪಾಚಿ ತುಂಬಿ ಗಿಡ ನೆಟ್ಟರು. ಅಜ್ಜಿ ಮಂಚದ ಕೆಳಗಿನಿಂದ ಬಾಯೊಡೆದ ಹಳೇ ಮಡಕೆ ತಂದಳು.

"ಫ್ರಿಜ್ ಇಲ್ಲದ ಕಾಲದಲ್ಲಿ ನಿಮ್ಮಪ್ಪ ಇದರ ನೀರೇ ಕುಡೀತಿದ್ದ. ಆಟ ಬಿಟ್ಟು ಬಂದವನು ಮಡಕೆಗೆ ಕೆನ್ನೆ ಒತ್ತಿ ನಿಂತುಬಿಡ್ತಿದ್ದ."

ಮಡಕೆಯೊಳಗೆ ಒದ್ದೆ ಮರಳು, ಮರಳಿನ ನಡುವೆ ಡಬ್ಬ. ಅಂಗಳದಲ್ಲಿ ಎಲ್ಲವೂ ಕಾಯುವ ಹೊತ್ತಿನಲ್ಲೂ ಪಾಚಿ ತಣ್ಣಗಿತ್ತು.

ಹಳೆಯ ಎಲೆಗಳು ಒಂದೂ ಉಳಿಯಲಿಲ್ಲ. ಮೂರನೆಯ ವಾರ ನಡುವಿನಿಂದ ಒಂದು ಹಸಿರು ಕುಡಿ ಎದ್ದಿತು. ಅದರ ತುದಿಯಲ್ಲಿ ಇನ್ನೂ ತೆರೆಯದ ಪುಟ್ಟ ಬಾಯಿ.

"ಪೆನ್ಸಿಲ್ ಹಾಕಿದ್ರೆ ಕಚ್ಚುತ್ತಾ ನೋಡ್ಲಾ?" ಅಂದ ವಿಲ್ಬರ್ಟ್.

"ಕೈ ಮುರೀತೀನಿ."

ಲಿಗಿಯಾ ಬಗ್ಗಿ ನೋಡಿದಳು. ಈ ಎಲೆಯನ್ನು ಅಪ್ಪ ನೋಡಿರಲಿಲ್ಲ. ಅವಳೇ ಮೊದಲು ನೋಡಿದ್ದು. ಅವಳು ಬಹಳ ಹೊತ್ತು ಅಲ್ಲೇ ಕೂತಿದ್ದಳು.